ನೂರಕ್ಕೆ ನೂರು ಯಾರ ಕೃಪೆ?

ಭರತ ಹುಣ್ಣಿಮೆಯ ಜಾತ್ರೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದನೋ, ನೆರೆದವರೆಲ್ಲ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಸಾಲಿನ ಭವಿಷ್ಯವಾಣಿ, ಅದೇ ಕಾರ್ಣಿಕ; ಮಳೆಯೋ ರಾಜಕೀಯವೋ, ಅರ್ಥ ಅವರವರಿಗೆ ಬಿಟ್ಟದ್ದು. ಅದಾದ ಕೆಲವೇ ವಾರಕ್ಕೆ ಪಿಯುಸಿ ಪರೀಕ್ಷೆ; ಅಲ್ಲಿ ಮಾತಾಡುವುದು ಅಂಕ.

ಅಂಕಕ್ಕೆ ಹೆಸರಾದ ಊರು ಕೊಟ್ಟೂರು. ಇಲ್ಲಿನ ಇಂದು ಪಿಯು ಕಾಲೇಜಿನ ವಿದ್ಯಾರ್ಥಿನಿ 2019ರಲ್ಲಿ ಕಲಾ ವಿಭಾಗದಲ್ಲಿ 600ಕ್ಕೆ 594 ಪಡೆದು ರಾಜ್ಯಕ್ಕೇ ಮೊದಲಿಗಳಾದಳು. 2025ರಲ್ಲಿ ಇನ್ನೊಬ್ಬಳು, 597. ಮೊದಲಿನವಳ ತಂದೆಯದು ಪಂಕ್ಚರ್ ಅಂಗಡಿ. ಮಗಳೂ ಕೈಜೋಡಿಸುತ್ತಿದ್ದಳೆಂದು ಪತ್ರಿಕೆಗಳು ಬರೆದವು. ಟ್ಯೂಬನ್ನು ನೀರಿಗದ್ದಿ, ಗುಳ್ಳೆ ಏಳುವ ಜಾಗವನ್ನು ಬೆರಳಲ್ಲಿ ಒತ್ತಿ ಹಿಡಿಯುವ ಕೆಲಸ. ಶರಣರಾಗಿದ್ದರೆ ಕಾಯಕ ಎನ್ನುತ್ತಿದ್ದರು.

ಆಕೆಗೆ ನೂರಕ್ಕೆ ನೂರು ಬಂದ ವಿಷಯಗಳಲ್ಲಿ ಸಂಸ್ಕೃತವೂ ಒಂದು! ದೇವರೊಡನೆ ಮಾತಾಡಲು ಕನ್ನಡ ಸಾಕೆಂದ 12ನೇ ಶತಮಾನದ ಶರಣರನ್ನು ನೆನೆಯುವ, ಗುರು ಕೊಟ್ಟೂರೇಶ್ವರನ ಊರಲ್ಲಿ ದೇವಭಾಷೆ ಈಗ ಅಂಕದ ಭಾಷೆ. ತಪ್ಪೇನಲ್ಲ ಬಿಡಿ, ‘ಕಾಯಕ’ದೊಳಗಿನ ‘ಕಾಯ’ವೂ ಸಂಸ್ಕೃತದ್ದೇ.

ತೊಡಕಿರುವುದು ಬೇರೆ ಕಡೆ. ಫಲಿತಾಂಶದ ದಿನ ಪಾಸಾದವರ ಮನೆಯವರು ಕೊಟ್ಟೂರೇಶ್ವರನಿಗೆ ‘ಎಲ್ಲಾ ಅಜ್ಜನ ಕೃಪೆ’ ಎಂದು ಕೈಮುಗಿಯುತ್ತಾರೆ. ಹಾಗಾದರೆ ಕೂಡ್ಲಿಗಿಯಲ್ಲೋ ಹರಪನಹಳ್ಳಿಯಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ನಪಾಸಾದ ಹುಡುಗನ ಮೇಲೆ ಕೃಪೆ ಇರಲಿಲ್ಲವೇ? ಅವನೂ ಅದೇ ಅಜ್ಜನ ಗುಡಿಯಲ್ಲಿ ಕಾಯಿ ಒಡೆಸಿದ್ದ. ಕಾಯಕವೇ ಪೂಜೆ ಎಂದಮೇಲೆ ಪೂಜೆಗೆ ಪಾಸು-ನಪಾಸು ಎಲ್ಲಿಯದು? ಶರಣರ ಲೆಕ್ಕದಲ್ಲಿ ಓದಿದ್ದು ಸಂದಾಯವಾಗಿದೆ. ಪರೀಕ್ಷಾ ಮಂಡಳಿಯ ಲೆಕ್ಕದಲ್ಲಿ ಇನ್ನೂ ಬಾಕಿ.

ಮೈಲಾರದ ಕಾರ್ಣಿಕ ವರ್ಷಕ್ಕೊಮ್ಮೆ. ಮಂಡಳಿಯೋ 2024, 2025ರಲ್ಲಿ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆ ನಡೆಸಿತು.