ಹಿಂದೆ ಬರುವವನಿಗೂ ಬೇಕು ಕನ್ನಡಿ

ಪಕ್ಕದ ಕನ್ನಡಿಗಳೇ ಇಲ್ಲದ ಕಾರುಗಳು ಜಪಾನಿನ ರಸ್ತೆಗಿಳಿದು ವರ್ಷಗಳೇ ಆದವು. 2016ರಲ್ಲಿ ಅಲ್ಲಿನ ಸರ್ಕಾರ ನಿಯಮ ಬದಲಿಸಿ, ಕನ್ನಡಿಯ ಬದಲು ಕ್ಯಾಮೆರಾ ಹಾಕಬಹುದು ಎಂದಿತು. 2018ರಲ್ಲಿ ಲೆಕ್ಸಸ್ ಇಎಸ್ ಹಾಗೆ ಬಂತು. ಅದರ ಬೆನ್ನಿಗೇ ಯುರೋಪಿನಲ್ಲಿ ಆಡಿ ಇ-ಟ್ರಾನ್, ಆಮೇಲೆ ಹೋಂಡಾದ ಪುಟ್ಟ ವಿದ್ಯುತ್ ಕಾರು. ಕನ್ನಡಿ ಇರುತ್ತಿದ್ದ ಜಾಗದಲ್ಲಿ ತೆಳ್ಳಗಿನ ಒಂದು ತೋಳು, ಅದರ ತುದಿಯಲ್ಲಿ ಕ್ಯಾಮೆರಾ. ಒಳಗೆ ಬಾಗಿಲಿಗೋ ಡ್ಯಾಶ್‌ಬೋರ್ಡಿನ ಎರಡು ತುದಿಗೋ ಕೂರಿಸಿದ ಪರದೆ. ಹಿಂದೆ ಬರುವ ವಾಹನ ಆ ಪರದೆಯಲ್ಲಿ ಕಾಣುತ್ತದೆ. 2023ರಿಂದ ಚೀನಾವೂ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಅಮೆರಿಕದಲ್ಲಿ 2014ರಲ್ಲೇ ಟೆಸ್ಲಾ ಮತ್ತು ಕಾರು ತಯಾರಕರ ಒಕ್ಕೂಟ ಅರ್ಜಿ ಹಾಕಿದ್ದವು. ಅಲ್ಲಿನ ಕಾನೂನು ಮಾತ್ರ ಕನ್ನಡಿಯನ್ನು ಬಿಟ್ಟುಕೊಟ್ಟಿಲ್ಲ.

ತಯಾರಕರಿಗೆ ಕನ್ನಡಿಯ ಮೇಲೇಕೆ ಇಷ್ಟು ಸಿಟ್ಟು? ಗಾಳಿ. ಎರಡು ಕಿವಿಗಳಂತೆ ಹೊರಗೆ ಚಾಚಿದ ಕನ್ನಡಿಗಳು ಗಾಳಿಯನ್ನು ತಡೆಯುತ್ತವೆ, ಸದ್ದು ಮಾಡುತ್ತವೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಬ್ಯಾಟರಿಯಲ್ಲಿ ಓಡುವ ಕಾರಿಗೆ ಒಂದೊಂದು ಕಿಲೋಮೀಟರೂ ಮುಖ್ಯ. ಆಡಿ ಇ-ಟ್ರಾನ್‌ನಲ್ಲಿ ಕನ್ನಡಿ ತೆಗೆದು ಕ್ಯಾಮೆರಾ ಇಟ್ಟಾಗ ಗಾಳಿಯ ತಡೆಯ ಅಂಕ 0.28ರಿಂದ 0.27ಕ್ಕೆ ಇಳಿಯಿತು, ಕಾರಿನ ಅಗಲ 15 ಸೆಂಟಿಮೀಟರ್ ಕಡಿಮೆಯಾಯಿತು. ಜರ್ಮನಿಯ ಹೆದ್ದಾರಿಯಲ್ಲಿ ದಿನವಿಡೀ ಓಡುವವರಿಗೆ ಇದು ಲೆಕ್ಕಕ್ಕೆ ಬರುವ ಉಳಿತಾಯ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಮೆಯ ನಡಿಗೆಯಲ್ಲಿ ಸಾಗುವ ಕಾರಿಗೆ ಅದರಿಂದ ಏನೂ ದಕ್ಕದು.

ಕ್ಯಾಮೆರಾದ ಗುಣಗಳನ್ನು ಅಲ್ಲಗಳೆಯಲಾಗದು. ರಾತ್ರಿ ಹಿಂದಿನವನು ಹೈ ಬೀಮ್ ಹಾಕಿಕೊಂಡು ಬಂದರೆ ಕನ್ನಡಿ ಆ ಬೆಳಕನ್ನು ನೇರವಾಗಿ ನಮ್ಮ ಕಣ್ಣಿಗೇ ಹೊಡೆಯುತ್ತದೆ. ಪರದೆ ಅದನ್ನು ತಗ್ಗಿಸಿ ತೋರಿಸುತ್ತದೆ. ಕತ್ತಲಲ್ಲಿ ನಮ್ಮ ಕಣ್ಣಿಗೆ ಸಿಗದ್ದನ್ನೂ ಒಳ್ಳೆಯ ಕ್ಯಾಮೆರಾ ಹೆಕ್ಕಿ ಕೊಡುತ್ತದೆ. ಜೋರು ಮಳೆಯಲ್ಲಿ ಕಿಟಕಿಯ ಗಾಜೂ ಹೊರಗಿನ ಕನ್ನಡಿಯೂ ಹನಿ ತುಂಬಿ ಮಸುಕಾದಾಗ ಒಳಗಿನ ಪರದೆಯಾದರೂ ಸ್ಪಷ್ಟವಾಗಿ ಕಾಣುತ್ತದೆ, ಕ್ಯಾಮೆರಾದ ಗಾಜಿಗೆ ಕೆಸರು ಸಿಡಿಯದಿದ್ದರೆ. ನಮ್ಮ ಮಳೆಗಾಲದ ರಸ್ತೆಯಲ್ಲಿ ಆ ಕೊನೆಯ ಮಾತು ದೊಡ್ಡದು.

ಆದರೆ ಕಣ್ಣಿನ ಲೆಕ್ಕ ಬೇರೆಯೇ ಇದೆ. ಕನ್ನಡಿಯಲ್ಲಿ ಕಾಣುವ ಲಾರಿ ಕಣ್ಣಿಗೆ ಕನ್ನಡಿಯ ಮೇಲೆ ಇರುವುದಿಲ್ಲ, ಕನ್ನಡಿಯ ಆಚೆ ಇರುತ್ತದೆ. ಮುಂದಿನ ರಸ್ತೆಯನ್ನು ನೋಡುತ್ತಿದ್ದ ಕಣ್ಣು ಹೆಚ್ಚು ಶ್ರಮವಿಲ್ಲದೆ ಅದರತ್ತ ಹೊರಳಿ ಮರಳುತ್ತದೆ. ಪರದೆಯಲ್ಲಿನ ಲಾರಿ ಇರುವುದು ಪರದೆಯ ಮೇಲೇ, ಮುಖದಿಂದ ಎರಡು ಮೂರು ಅಡಿ ದೂರದಲ್ಲಿ. ಪ್ರತಿ ಸಲವೂ ಕಣ್ಣು ದೂರದಿಂದ ಹತ್ತಿರಕ್ಕೆ, ಮತ್ತೆ ಹತ್ತಿರದಿಂದ ದೂರಕ್ಕೆ ಹೊಂದಿಕೊಳ್ಳಬೇಕು. ಇಪ್ಪತ್ತೈದರ ಹುಡುಗನಿಗೆ ಇದು ಗೊತ್ತೇ ಆಗದು. ಚಾಳೀಸು ಬಂದವರಿಗೆ ಗೊತ್ತಾಗುತ್ತದೆ. ದೂರ ನೋಡುವ ಕನ್ನಡಕವನ್ನಷ್ಟೇ ಹಾಕಿ ಗಾಡಿ ಓಡಿಸುವ ಐವತ್ತೈದರ ಚಾಲಕನಿಗೆ ಆ ಪರದೆ ಮಸುಕು. ನಮ್ಮ ಟ್ಯಾಕ್ಸಿ, ಲಾರಿ, ಬಸ್ಸುಗಳನ್ನು ಓಡಿಸುವವರಲ್ಲಿ ಆ ವಯಸ್ಸಿನವರು ಕಡಿಮೆಯೇನಲ್ಲ. ಜೊತೆಗೆ, ಕನ್ನಡಿಯ ಮುಂದೆ ತಲೆಯನ್ನು ಕೊಂಚ ಮುಂದಕ್ಕೆ ಬಾಗಿಸಿದರೆ ನೋಟ ಬದಲಾಗುತ್ತದೆ, ಮರೆಯಲ್ಲಿದ್ದ ಸ್ಕೂಟರ್ ಈಚೆ ಬರುತ್ತದೆ. ಪಳಗಿದ ಚಾಲಕರು ಯೋಚಿಸದೆಯೇ ಹಾಗೆ ಬಾಗುತ್ತಾರೆ. ಪರದೆಯ ಮುಂದೆ ಎಷ್ಟು ಬಾಗಿದರೂ ಕಾಣುವುದು ಅದೇ ಚಿತ್ರ.

ತಡದ ಮಾತೂ ಇದೆ. ಹೊರಗಿನದು ಪರದೆಗೆ ಬರಲು ಸ್ವಲ್ಪ ಹೊತ್ತು ಬೇಕು. ಅಂತರರಾಷ್ಟ್ರೀಯ ಮಾನದಂಡ ಅದಕ್ಕೆ 200 ಮಿಲಿಸೆಕೆಂಡಿನ, ಅಂದರೆ ಸೆಕೆಂಡಿನ ಐದನೇ ಒಂದು ಭಾಗದ, ಮಿತಿ ಹಾಕಿದೆ. ನಮಗಿಂತ ಗಂಟೆಗೆ 40 ಕಿ.ಮೀ. ಹೆಚ್ಚು ವೇಗದಲ್ಲಿ ಹಿಂದಿನಿಂದ ಬರುವ ಬೈಕು ಅಷ್ಟರಲ್ಲಿ ಎರಡು ಮೀಟರಿಗೂ ಹೆಚ್ಚು ಹತ್ತಿರ ಬಂದಿರುತ್ತದೆ. ಒಳ್ಳೆಯ ಉಪಕರಣಗಳಲ್ಲಿ ತಡ ಇದಕ್ಕಿಂತ ಕಡಿಮೆ ಇರಬಹುದು. ಕನ್ನಡಿಯಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ.

ಇವೆಲ್ಲ ತಾಂತ್ರಿಕ ಕುಂದುಗಳು, ಇಂದಲ್ಲ ನಾಳೆ ಸರಿಹೋಗಬಹುದು. ನನ್ನ ಮನಸ್ಸಿನಲ್ಲಿರುವುದು ಸರಿಹೋಗದ ಇನ್ನೊಂದು ಸಂಗತಿ. ಈ ಚರ್ಚೆಯೆಲ್ಲ ನಡೆಯುವುದು ಕಾರಿನೊಳಗೆ ಕೂತವನ ಕಣ್ಣಿನಿಂದ. ಕನ್ನಡಿಯನ್ನು ಹೊರಗಿನಿಂದ ನೋಡುವವರೂ ಇದ್ದಾರೆ.

ಮೈಸೂರು ರಸ್ತೆಯಲ್ಲಿ ಬೆಳಗಿನ ಒಂಬತ್ತಕ್ಕೆ ಸಿಗ್ನಲ್ ಬಳಿ ನಿಂತು ಗಮನಿಸಿ. ಬಸ್ಸಿನ ಎಡಮಗ್ಗುಲಲ್ಲಿ ಸ್ಕೂಟರ್ ನಿಲ್ಲಿಸಿಕೊಂಡ ಹೆಂಗಸು, ಹಿಂದೆ ಮಗುವನ್ನು ಕೂರಿಸಿಕೊಂಡು, ಸಿಗ್ನಲ್ ದೀಪವನ್ನು ನೋಡುವುದಕ್ಕಿಂತ ಹೆಚ್ಚಾಗಿ ಬಸ್ಸಿನ ಕನ್ನಡಿಯನ್ನು ನೋಡುತ್ತಾಳೆ. ಅದರಲ್ಲಿ ಡ್ರೈವರ್‌ನ ಮುಖ ಕಂಡರೆ ಒಂದು ಧೈರ್ಯ. ಅವನ ಕಣ್ಣು ಇತ್ತ ತಿರುಗಿದರೆ ಇನ್ನಷ್ಟು ಧೈರ್ಯ. ಕೆಲವು ಡ್ರೈವರುಗಳು ತಲೆಯಾಡಿಸುತ್ತಾರೆ, ಕೆಲವರು ಕೈಬೀಸಿ 'ಹೋಗಮ್ಮ' ಎನ್ನುತ್ತಾರೆ. ಕನ್ನಡಿಯಲ್ಲಿ ಬೆಳಕಿನ ದಾರಿ ಎರಡೂ ದಿಕ್ಕಿಗೆ ಒಂದೇ. ಆಕೆಗೆ ಅವನ ಕಣ್ಣು ಕಂಡರೆ ಅವನಿಗೂ ಆಕೆ ಕಾಣುತ್ತಾಳೆ. ಭೌತಶಾಸ್ತ್ರದ ಈ ಸಣ್ಣ ನಿಯಮದ ಮೇಲೆ ದಿನಾ ಸಾವಿರಾರು ಜನ ಗೊತ್ತಿಲ್ಲದೆಯೇ ಜೀವ ಇಟ್ಟುಕೊಂಡು ಓಡಾಡುತ್ತಾರೆ. ಕ್ಯಾಮೆರಾದಲ್ಲಿ ನೋಟ ಒಂದೇ ದಿಕ್ಕಿನದು. ಒಳಗಿನವನು ಪರದೆ ನೋಡುತ್ತಿದ್ದಾನೋ ಫೋನು ನೋಡುತ್ತಿದ್ದಾನೋ ಹೊರಗಿನವಳಿಗೆ ತಿಳಿಯುವ ದಾರಿಯೇ ಇಲ್ಲ. ಗಾಳಿಯ ಉಳಿತಾಯದ ಲೆಕ್ಕದಲ್ಲಿ ಈ ನಷ್ಟ ಎಲ್ಲೂ ಬರುವುದಿಲ್ಲ.

ರೇಸಿನ ಕಾರಿಗೆ ಕನ್ನಡಿ ಬಂದ ಕಥೆಯನ್ನು ನೆನೆದರೆ ಅದು ಯಾರ ಜಾಗ ತುಂಬಿತು ಎಂಬುದು ಸ್ಪಷ್ಟವಾಗುತ್ತದೆ. 1911ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮೊದಲ 500 ಮೈಲಿಯ ಕಾರ್ ರೇಸು ನಡೆಯಿತು. ಆಗ ರೇಸಿನ ಕಾರುಗಳಲ್ಲಿ ಚಾಲಕನ ಜೊತೆಗೊಬ್ಬ ಮೆಕ್ಯಾನಿಕ್ ಕೂರುತ್ತಿದ್ದ. ಹಿಂದಿನಿಂದ ಯಾರು ಬರುತ್ತಿದ್ದಾರೆಂದು ಕೂಗಿ ಹೇಳುವುದು ಅವನ ಕೆಲಸ. ರೇ ಹ್ಯಾರೂನ್ ಎಂಬ ಚಾಲಕ ಒಬ್ಬನೇ ಕೂರುವ ಮಾರ್ಮನ್ ಕಾರು ತಂದ. ಹಿಂದೆ ನೋಡುವವರಿಲ್ಲದೆ ಇವನು ಓಡಿಸಿದರೆ ಅಪಾಯ ಎಂದು ಎದುರಾಳಿಗಳು ತಕರಾರು ತೆಗೆದರು. ಹ್ಯಾರೂನ್ ತನ್ನ ಕಣ್ಣೆದುರು ಒಂದು ಕನ್ನಡಿ ಕಟ್ಟಿಕೊಂಡ, ರೇಸು ಗೆದ್ದ. ಜೊತೆಗಾರನ ಜಾಗಕ್ಕೆ ಕನ್ನಡಿ ಬಂದದ್ದು ಹಾಗೆ.

ನಮ್ಮಲ್ಲಿ ಆ ಜೊತೆಗಾರ ಬಹುಕಾಲ ಉಳಿದ, ಕ್ಲೀನರ್ ಎಂಬ ಹೆಸರಿನಲ್ಲಿ. ಬಲಗಡೆ ಕೂತ ಡ್ರೈವರ್‌ಗೆ ಕಾಣದ ಎಡಮಗ್ಗುಲು ಅವನದು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬಾಗಿಲ ತಗಡನ್ನು ಅಂಗೈಯಿಂದ ಬಡಿಯುತ್ತ 'ಬರ್ಲಿ ಬರ್ಲಿ... ಸಾಕ್ ಸಾಕ್' ಎನ್ನುತ್ತಿದ್ದ ಹುಡುಗ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ, ಎಪಿಎಂಸಿ ಯಾರ್ಡಿನ ಇಕ್ಕಟ್ಟಿನಲ್ಲಿ ಎಷ್ಟು ಅನಾಹುತ ತಪ್ಪಿಸಿದನೋ ಯಾರೂ ಬರೆದಿಟ್ಟಿಲ್ಲ. ಈಗ ಕ್ಲೀನರ್ ಇಲ್ಲದೆ ಓಡುವ ಲಾರಿಗಳು ಬೇಕಾದಷ್ಟಿವೆ. ಆ ಹುಡುಗ ಇಳಿದುಹೋದ, ಅವನ ಕಣ್ಣಿನ ಬದಲಿಗೆ ಏನೂ ಬರಲಿಲ್ಲ. ಕ್ಯಾಬಿನ್ನಿನ ಎಡಗಡೆ ಕೆಳಗೆ, ಮುಂಚಕ್ರದ ಪಕ್ಕ, ಒಬ್ಬ ಸೈಕಲ್ ಸವಾರ ಪೂರಾ ಮರೆಯಾಗುವಷ್ಟು ಜಾಗ ಡ್ರೈವರ್‌ಗೆ ಕಾಣುವುದೇ ಇಲ್ಲ. ಲಾರಿ ಎಡಕ್ಕೆ ತಿರುಗುವಾಗ ಅಲ್ಲಿ ಇದ್ದವರು ಚಕ್ರದಡಿ ಸಿಕ್ಕ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬರುತ್ತಲೇ ಇರುತ್ತದೆ. ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕ್ಯಾಮೆರಾಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿ. ಮರ್ಸಿಡಿಸ್ ಬೆಂಜ್ 2018ರಲ್ಲಿ ತನ್ನ ಆಕ್ಟ್ರೋಸ್ ಲಾರಿಯಲ್ಲಿ ದೊಡ್ಡ ಕನ್ನಡಿಗಳನ್ನು ತೆಗೆದು ಕ್ಯಾಮೆರಾ ತಂದಾಗ ಒಂದು ಒಳ್ಳೆಯ ಕೆಲಸವನ್ನೂ ಮಾಡಿತು: ಲಾರಿ ತಿರುಗುವಾಗ ಚಿತ್ರವೂ ಹೊರಳಿ ಟ್ರೇಲರ್‌ನ ಬಾಲದವರೆಗೆ ತೋರಿಸುತ್ತದೆ. ಕನ್ನಡಿಗೆ ಅದು ಸಾಧ್ಯವಿಲ್ಲ. ಕನ್ನಡಿಯನ್ನು ಉಳಿಸಿಕೊಂಡೇ ಇಂಥ ನೋಟವನ್ನು ಸೇರಿಸಲು ಯಾವ ಅಡ್ಡಿಯೂ ಇಲ್ಲ. ಭಾರತದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಯಿತು. ಅಂಗಳದಲ್ಲಿ ಆಡುವ ಮಗುವಿಗಾಗಿ ತಂದ ನಿಯಮ ಎಂದೇ ನಾನು ಅದನ್ನು ನೋಡುತ್ತೇನೆ. ಅದನ್ನು ತಂದಾಗ ಯಾರೂ ಹಿಂದಿನ ಗಾಜು ಮುಚ್ಚಿ ಎನ್ನಲಿಲ್ಲ.

ರಿಪೇರಿಯ ಮಾತನ್ನೂ ಬಿಡುವಂತಿಲ್ಲ. ಆಟೊ ಸವರಿ ಕನ್ನಡಿ ಒಡೆದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಹುಬ್ಬಳ್ಳಿಯ ಯಾವುದಾದರೂ ಬಿಡಿಭಾಗದ ಅಂಗಡಿಯಲ್ಲೋ ಹೊಸ ಗಾಜು ಕೂರಿಸಿಕೊಂಡು ಮುಂದೆ ಹೋಗಬಹುದು. ಕ್ಯಾಮೆರಾ ಕೆಟ್ಟರೆ ಪರದೆ ಕಪ್ಪು, ಸರ್ವೀಸ್ ಸೆಂಟರ್ ಮುಟ್ಟುವವರೆಗೆ ಆ ಬದಿ ಕುರುಡು. ಒಡೆದ ಕನ್ನಡಿಯ ಚೂರಿನಲ್ಲೂ ಅರ್ಧ ರಸ್ತೆ ಕಾಣುತ್ತದೆ.

ನಾಳೆ ನಮ್ಮಲ್ಲೂ ಕನ್ನಡಿ ತೆಗೆಯುವ ಅನುಮತಿಯ ಪ್ರಶ್ನೆ ಬಂದೀತು. ಆಗ ತೀರ್ಮಾನ ಮಾಡುವವರು ಕಾರಿನೊಳಗೆ ಕೂತು ಪರದೆ ನೋಡಿದರೆ ಸಾಲದು. ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಬಸ್ಸಿನ ಪಕ್ಕ ನಿಂತು ಬರಬೇಕು. ಕ್ಯಾಮೆರಾ ಮೊದಲು ಬರಬೇಕಾದ್ದು ದುಬಾರಿ ಕಾರಿಗಲ್ಲ. ಲಾರಿ, ಬಸ್ಸು, ನೀರಿನ ಟ್ಯಾಂಕರ್, ಕಸದ ಗಾಡಿ, ಶಾಲೆಯ ವ್ಯಾನುಗಳ ಎಡಮಗ್ಗುಲಿಗೆ. ಅದೂ ಕನ್ನಡಿಯ ಜೊತೆಗೆ, ಕನ್ನಡಿಯ ಬದಲಿಗಲ್ಲ.