ಇಲಿಯ ಕರುಳು, ನಮ್ಮ ಜಮಾ-ಖರ್ಚು



ಪ್ರಾಣಿಹಿಂಸೆ ಸಲ್ಲದೆಂದು ಹೇಳುವುದು ಸುಲಭ. ನಾವು ನುಂಗುವ ಎಷ್ಟೋ ಮಾತ್ರೆಗಳು ಮೊದಲು ಇಲಿಯ ಹೊಟ್ಟೆ ಸೇರಿ ಬಂದವು ಎಂಬುದು ನೆನಪಾದಾಗ ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಜಿಜ್ಞಾಸೆಯನ್ನು ಒಂದೇ ರೋಗ ಮುಂದಿಟ್ಟುಕೊಂಡು ವಿಚಾರ ಮಾಡೋಣ. ಎಲ್ಲ ರೋಗಗಳನ್ನೂ ಎಳೆದು ತಂದರೆ ವಾದ ಬೆಳೆಯುತ್ತದೆಯೇ ಹೊರತು ವಿಚಾರ ಮುಂದೆ ಸಾಗದು.

ವಯಸ್ಸಾದಂತೆ ಕೆಲವರ ದೊಡ್ಡ ಕರುಳಿನ ಗೋಡೆಯಲ್ಲಿ, ರಕ್ತನಾಳಗಳು ಒಳಹೊಗುವ ದುರ್ಬಲ ಜಾಗಗಳಲ್ಲಿ, ಒಳಪದರವು ಹೊರಕ್ಕೆ ಉಬ್ಬಿ ಸಣ್ಣ ಚೀಲಗಳಾಗುತ್ತವೆ. ವೈದ್ಯರು ಇವನ್ನು ಡೈವರ್ಟಿಕ್ಯುಲಾ ಎನ್ನುತ್ತಾರೆ. ಬಹುಪಾಲು ಜನರಿಗೆ ಇವು ಇರುವುದೇ ತಿಳಿಯುವುದಿಲ್ಲ. ಕೆಲವರಿಗೆ ಮಾತ್ರ ಚೀಲ ಬಾತು ನೋವು, ಜ್ವರ, ರಕ್ತಸ್ರಾವ. ಒಡೆದರೆ ಪ್ರಾಣಕ್ಕೇ ಸಂಚಕಾರ.

ಇದಕ್ಕೆ ಕಾರಣ ನಾರು ಕಡಿಮೆಯಾದ ಆಹಾರವೇ? 1949ರಲ್ಲಿ ಅಮೆರಿಕದ ಕಾರ್ಲ್ಸನ್ ಮತ್ತು ಹೋಲ್ಜೆಲ್ ಇಲಿಗಳಿಗೆ ಬೇರೆ ಬೇರೆ ಆಹಾರ ಹಾಕಿ ಸಾಕಿದರು. ನಾರು ಕಡಿಮೆ ತಿಂದವುಗಳ ಕರುಳಿನಲ್ಲಿ ಚೀಲಗಳು ಹೆಚ್ಚು ಕಂಡವು. 1971ರಲ್ಲಿ ಬ್ರಿಟನ್ನಿನ ಪೇಂಟರ್ ಮತ್ತು ಬರ್ಕಿಟ್ ಎಂಬ ವೈದ್ಯರು ಆಫ್ರಿಕದ ಹಳ್ಳಿಗರ ಊಟವನ್ನೂ ಪಾಶ್ಚಾತ್ಯರ ಊಟವನ್ನೂ ಹೋಲಿಸಿ ನಾರಿನ ಕೊರತೆಯನ್ನೇ ದೂರಿದರು. 1996ರಲ್ಲಿ ಇನ್ನೊಂದು ತಂಡ, ತಾಯಿ ಇಲಿ ತಿಂದ ಆಹಾರಕ್ಕೂ ಮರಿಗಳ ಕರುಳಿನ ಚೀಲಗಳಿಗೂ ಸಂಬಂಧವಿದೆಯೆಂದು ತೋರಿಸಿತು. ಇಂಥ ಪ್ರಶ್ನೆಯನ್ನು ಮನುಷ್ಯರಲ್ಲಿ ಕೇಳುವುದು ಹೇಗೆ? ಗರ್ಭಿಣಿಯ ತಟ್ಟೆಯಿಂದ ಮಗುವಿನ ಮುಪ್ಪಿನವರೆಗೆ ಅಳತೆ ಮಾಡಿ ಉಣಿಸುವವರು ಯಾರು? ಇಲಿಯ ಆಯುಸ್ಸು ಎರಡು-ಮೂರು ವರ್ಷ. ಪ್ರಯೋಗ ಮಾಡುವವರ ಪರವಾದ ಬಲವಾದ ಮಾತು ಇದೇ. ಅದನ್ನು ನಾನು ತಳ್ಳಿಹಾಕಲಾರೆ.

ಆದರೆ 2012ರಲ್ಲಿ ಅಮೆರಿಕದಲ್ಲಿ 2 ಸಾವಿರಕ್ಕೂ ಹೆಚ್ಚು ಜನರ ಕರುಳನ್ನು ದುರ್ಬೀನು ಹಾಕಿ ನೋಡಿದಾಗ, ನಾರು ಹೆಚ್ಚು ತಿಂದವರಲ್ಲಿ ಚೀಲಗಳೇನೂ ಕಡಿಮೆಯಿರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಬ್ರಿಟನ್ನಿನಲ್ಲಿ 47 ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನದಲ್ಲಿ, ಸಸ್ಯಾಹಾರಿಗಳೂ ಹೆಚ್ಚು ನಾರು ತಿನ್ನುವವರೂ ಈ ರೋಗಕ್ಕಾಗಿ ಆಸ್ಪತ್ರೆ ಸೇರಿದ್ದು ಕಡಿಮೆ. ಚೀಲ ಹುಟ್ಟುವುದು ಒಂದು, ಅದು ರೋಗವಾಗಿ ಕಾಡುವುದು ಇನ್ನೊಂದು. ಹೊಟ್ಟೆ ಎಲ್ಲಿ, ಹೇಗೆ ನೋಯುತ್ತದೆಂದು ಇಲಿ ಬಾಯಿಬಿಟ್ಟು ಹೇಳಲಾರದು.

ನಾನು ವಾಣಿಜ್ಯ ಓದಿದವನು, ಲೆಕ್ಕದಲ್ಲಿಯೇ ಯೋಚಿಸುವ ಚಾಳಿ. ಇಲ್ಲಿ ಖರ್ಚು ಇಲಿಯ ಹೆಸರಿಗೆ, ಜಮಾ ನಮ್ಮ ಹೆಸರಿಗೆ. ಇಂಥ ಪುಸ್ತಕಕ್ಕೆ ಯಾವ ಆಡಿಟರೂ ಆಕ್ಷೇಪಣೆ ಬರೆಯದೆ ಬಿಡುವುದಿಲ್ಲ. ಖರ್ಚಾದರೂ ಎಲ್ಲ ಒಂದೇ ಬಗೆಯದಲ್ಲ. ಕಾಳಿನ ಬದಲು ನಯವಾದ ಹಿಟ್ಟು ತಿನ್ನಿಸಿ ಸಾಕುವುದು ಒಂದು. ಕರುಳು ಒಡೆದಾಗ ಹರಡುವ ಸೋಂಕನ್ನು ಅರಿಯಲು ಇಲಿಯ ಕರುಳಿನ ಒಂದು ಭಾಗವನ್ನು ದಾರದಿಂದ ಬಿಗಿದು ಸೂಜಿಯಿಂದ ತೂತು ಮಾಡುವ ಪದ್ಧತಿಯೂ ಇದೆ. ಅರಿವಳಿಕೆ ಕೊಟ್ಟೇ ಮಾಡುತ್ತಾರೆ, ನಿಜ. ಎಚ್ಚರವಾದ ಮೇಲಿನ ಗಂಟೆಗಳನ್ನು ಅನುಭವಿಸುವುದು ಇಲಿಯೇ. ಮೊದಲನೆಯದಕ್ಕೆ ನಾನು ಒಲ್ಲದ ಮನಸ್ಸಿನಿಂದ ಒಪ್ಪಿಗೆ ಕೊಟ್ಟೇನು. ಎರಡನೆಯದಕ್ಕೆ, ಆಸ್ಪತ್ರೆಯ ರೋಗಿಗಳ ದಾಖಲೆಗಳಲ್ಲಿ ಸಿಗಬಹುದಾದ ಉತ್ತರವನ್ನೆಲ್ಲ ಹುಡುಕಿ ಮುಗಿಸಿದ್ದೀರಾ ಎಂದು ಕೇಳದೆ ರುಜು ಹಾಕಲಾರೆ.

ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಯೋಗವನ್ನು ನಿಷೇಧಿಸಿಲ್ಲ, ಕಟ್ಟುಪಾಡು ಹಾಕಿದೆ. ಅದರಲ್ಲಿ ಒಂದು ಮಾತಿದೆ: ಗಿನಿಯಿಲಿ, ಮೊಲ, ಕಪ್ಪೆ, ಇಲಿಗಳಿಂದಲೇ ಅದೇ ಫಲ ಸಿಗುವಂತಿದ್ದರೆ ದೊಡ್ಡ ಪ್ರಾಣಿಗಳನ್ನು ಆದಷ್ಟೂ ಬಿಡಬೇಕು. ನೋವನ್ನು ತಕ್ಕಡಿಯಲ್ಲಿ ತೂಗಿದಂತಾಯಿತಲ್ಲ ಎನಿಸಿತು. ಆಮೇಲೆ ನಮ್ಮ ಉಗ್ರಾಣ ನೆನಪಾಯಿತು. ದಾಸೋಹದ ಜೋಳದ ಚೀಲ ಕಡಿಯುವ ಇಲಿಗೆ ಪ್ರತಿ ರಾತ್ರಿ ಬೋನು ಇಡಿಸುವವನು ನಾನೇ, ಬೆಳಿಗ್ಗೆ ಅದರೊಳಗೆ ಏನಿದೆಯೆಂದು ಬಗ್ಗಿ ನೋಡುವ ಕೆಲಸವನ್ನು ಮಾತ್ರ ಬೇರೆಯವರಿಗೆ ಬಿಟ್ಟಿದ್ದೇನೆ.