ಎಂಟನೇ ತರಗತಿಗೆ ಪ್ರೋಗ್ರಾಮಿಂಗ್: ಒಂದು ಮೀಮಾಂಸೆ

ವಿಷಯ

ಕೊಳಾಲ ಕೊರಟಗೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಶಾಲೆಗಳೂ ಅದರಡಿಯಲ್ಲೇ ಬರುತ್ತವೆ. ಇಲ್ಲಿಯ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಎಂಟನೇ ತರಗತಿಯಿಂದಲೇ ಎಲ್ಲ ಮಕ್ಕಳಿಗೂ ಪ್ರೋಗ್ರಾಮಿಂಗ್ ಕಲಿಸಬೇಕೆ, ಕಲಿಸುವುದಾದರೆ ಯಾವ ಕ್ರಮದಲ್ಲಿ ಎಂಬುದು ವಿಚಾರಕ್ಕೆ ಎತ್ತಿಕೊಂಡ ವಿಷಯ. ಕಲಿಸಬೇಕು, ಕನ್ನಡದಲ್ಲಿಯೇ ಕಲಿಸಬೇಕು, ಬರೆಸುವ ಮೊದಲು ಓದಿಸಬೇಕು ಎಂಬುದು ನನ್ನ ಪಕ್ಷ.

ಪ್ರೋಗ್ರಾಮಿಂಗ್ ಎಂದರೇನೆಂದು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ವಾದ ದಾರಿ ತಪ್ಪುತ್ತದೆ. 2001ರ ಸುಮಾರಿಗೆ ರಾಜ್ಯದಲ್ಲಿ 'ಮಾಹಿತಿ ಸಿಂಧು' ಯೋಜನೆ ಬಂತು. ಸಾವಿರದಷ್ಟು ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು. 2004ರ ಕೊನೆಗೆ ಕೇಂದ್ರದ ಐಸಿಟಿ ಯೋಜನೆ ಬಂತು. ಇಂಥ ಯೋಜನೆಗಳಿಂದ ಮಕ್ಕಳು ಟೈಪಿಂಗ್ ಕಲಿತರು, ಪೇಂಟ್‌ನಲ್ಲಿ ಚಿತ್ರ ಬರೆದರು, ಸ್ಲೈಡ್ ಮಾಡಿದರು. ಅದು ತಪ್ಪಲ್ಲ. ಆದರೆ ಅದು ಬೇರೆಯವರು ಬರೆದಿಟ್ಟ ಪ್ರೋಗ್ರಾಮುಗಳನ್ನು ಬಳಸುವ ಕಲಿಕೆ. ಮಾಡಬೇಕಾದ ಕೆಲಸವನ್ನು ಸಂದಿಗ್ಧವಿಲ್ಲದ ಮೆಟ್ಟಿಲುಗಳಾಗಿ ಒಡೆದು ಹೇಳುವುದು, ಹೇಳಿದ್ದರಲ್ಲಿ ತಪ್ಪೆಲ್ಲಿದೆ ಎಂದು ಹುಡುಕಿ ತಿದ್ದುವುದು, ಇದನ್ನು ಮಾತ್ರ ನಾನು ಪ್ರೋಗ್ರಾಮಿಂಗ್ ಎನ್ನುತ್ತೇನೆ.

ಸಿದ್ಧಾಂತ

ಊರಿನ ಹಾಲಿನ ಡೈರಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಹಾಲು ಹಾಕಿ ಬರುವ ಕೆಲಸ ಎಷ್ಟೋ ಮನೆಗಳಲ್ಲಿ ಹೈಸ್ಕೂಲು ಮಕ್ಕಳದೇ. ಮೇಷ್ಟ್ರು ಬೋರ್ಡಿನ ಮೇಲೆ ನಾಲ್ಕು ಸಾಲು ಬರೆಯಲಿ:

ಮೊತ್ತ = 0
ಹಾಕಿದ ಪ್ರತಿ ಸಲದ ಲೀಟರಿಗೂ:
    ಮೊತ್ತ = ಮೊತ್ತ + ಲೀಟರ್
ಮೊತ್ತವನ್ನು ತೋರಿಸು

ಮೂರು ಸಲ ಹಾಕಿದ ಹಾಲು 4, 6, 5 ಲೀಟರ್ ಎಂದಿಟ್ಟುಕೊಳ್ಳಿ. ಮಕ್ಕಳು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಗೀಟಿ, ಒಂದರ ಮೇಲೆ ಲೀಟರ್, ಇನ್ನೊಂದರ ಮೇಲೆ ಮೊತ್ತ ಎಂದು ಬರೆದು, ಒಂದೊಂದೇ ಸಾಲನ್ನು ತಾವೇ ನಡೆಸಬೇಕು. ಮೊತ್ತ ಸೊನ್ನೆಯಿಂದ 4ಕ್ಕೆ, 10ಕ್ಕೆ, 15ಕ್ಕೆ ಏರುತ್ತದೆ. ಪ್ರತಿ ಸಲವೂ ಹಳೆಯ ಅಂಕಿಯ ಮೇಲೆ ಗೆರೆ ಎಳೆದು ಕೆಳಗೆ ಹೊಸದನ್ನು ಬರೆಯಬೇಕು.

ಮೂರನೆಯ ಸಾಲಿನಲ್ಲಿ ತರಗತಿ ನಿಲ್ಲುತ್ತದೆ. ಸಮೀಕರಣ ಬಿಡಿಸಿ ಅಭ್ಯಾಸವಿರುವ ಮಗುವಿಗೆ ಅದು ಶುದ್ಧ ಸುಳ್ಳು. ಎರಡೂ ಕಡೆಯಿಂದ ಮೊತ್ತವನ್ನು ಕಳೆದರೆ ಲೀಟರ್ ಸೊನ್ನೆಯಾಗಬೇಕಲ್ಲ ಸಾರ್ ಎಂದು ಜಾಣ ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. ಕೇಳಬೇಕು. ಬೀಜಗಣಿತದಲ್ಲಿ ಆ ಚಿಹ್ನೆ ಎರಡು ಕಡೆಯೂ ಒಂದೇ ಎಂದು ಸಾರುತ್ತದೆ. ಇಲ್ಲಿ ಬಲಗಡೆಯ ಲೆಕ್ಕ ಮುಗಿಸು, ಬಂದದ್ದನ್ನು ಎಡಗಡೆಯ ಹೆಸರಿಗೆ ಇಡು ಎಂದು ಅಪ್ಪಣೆ ಕೊಡುತ್ತದೆ. ಈ ವ್ಯತ್ಯಾಸ ತಲೆಗೆ ಹೋಗದ ಮಗು ಮುಂದಿನದನ್ನೆಲ್ಲ ಬಾಯಿಪಾಠ ಮಾಡುತ್ತದೆ. ಇದಕ್ಕೇ ಎರಡು ಪೀರಿಯಡ್ ಹೋದರೂ ಹೋಗಲಿ.

ಆಮೇಲೆ ಮೇಷ್ಟ್ರು ಮೊದಲ ಸಾಲನ್ನು ಅಳಿಸಿ ಅದನ್ನೇ ಎರಡನೆಯ ಸಾಲಿನ ಕೆಳಗೆ, ಸ್ವಲ್ಪ ಒಳಕ್ಕೆ ಸರಿಸಿ ಬರೆಯಲಿ. ಅಕ್ಷರ ಒಂದೂ ಬದಲಾಗಿಲ್ಲ. ಮತ್ತೆ ನಡೆಸಿದರೆ ಉತ್ತರ 5. ಪ್ರತಿ ಸಲವೂ ಮೊತ್ತ ಸೊನ್ನೆಗೆ ಇಳಿದು ಕೊನೆಯ ಸಲದ ಹಾಲಷ್ಟೇ ಉಳಿದಿದೆ. ಬಟವಾಡೆಯ ದಿನ ಇಷ್ಟೇ ಕೈಗೆ ಬಂದರೆ ಮನೆಯಲ್ಲಿ ಏನಾಗುತ್ತದೆಂದು ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಉತ್ತರ ತಪ್ಪೆಂದು ಅವರಿಗೆ ತಾವಾಗಿಯೇ ಗೊತ್ತಾಗುತ್ತದೆ, ಏಕೆಂದರೆ ಹಾಲು ಹಾಕಿದವರು ಅವರೇ. ಆದ್ದರಿಂದ ಸರಿತಪ್ಪನ್ನು ಮಗು ತಾನೇ ಅಳೆಯಬಲ್ಲ ಲೆಕ್ಕದಿಂದಲೇ ಪಾಠ ಹೊರಡಬೇಕು ಎನ್ನುತ್ತೇನೆ.

ಷರತ್ತಿನ ಪಾಠಕ್ಕೂ ಡೈರಿಯೇ ಸಾಕು. ಹಸುವಿನ ಹಾಲಿಗೆ ಫ್ಯಾಟ್ ಶೇಕಡ 3.5 ಇರಬೇಕೆಂದಿಟ್ಟುಕೊಳ್ಳಿ. '3.5ಕ್ಕಿಂತ ಕಡಿಮೆಯಿದ್ದರೆ' ಎಂದು ಬರೆಯಬೇಕೋ, 'ಕಡಿಮೆ ಅಥವಾ ಸಮವಿದ್ದರೆ' ಎಂದೋ? ಸರಿಯಾಗಿ 3.5 ಬಂದವರ ಗತಿ ಏನು? ಪ್ರೋಗ್ರಾಮಿನ ತಪ್ಪುಗಳಲ್ಲಿ ದೊಡ್ಡ ಪಾಲು ಇಂಥ ಅಂಚುಗಳಲ್ಲೇ ಅಡಗಿರುತ್ತದೆ.

ಓದಿ, ನಡೆಸಿ, ಒಂದೆರಡು ಕಡೆ ಬದಲಿಸಿ, ಆಮೇಲೆ ಸ್ವಂತವಾಗಿ ಬರೆಯುವ ಈ ಕ್ರಮಕ್ಕೆ ಆಧಾರವಿದೆ. 2001ರಲ್ಲಿ ಮೆಕ್‌ಕ್ರಾಕೆನ್ ಮತ್ತು ಸಂಗಡಿಗರು ಹಲವು ದೇಶಗಳ ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಮೊದಲ ಕೋರ್ಸ್ ಮುಗಿಸಿದ ಬಹುಮಂದಿಗೆ ಪ್ರೋಗ್ರಾಂ ಬರೆಯಲು ಬಾರದೆಂದು ಕಂಡರು. 2004ರಲ್ಲಿ ರೇಮಂಡ್ ಲಿಸ್ಟರ್ ತಂಡ ಇನ್ನೂ ಕೆಳಗಿಳಿದು ನೋಡಿತು: ಅನೇಕರಿಗೆ ಚಿಕ್ಕ ಪ್ರೋಗ್ರಾಮನ್ನು ಕಾಗದದ ಮೇಲೆ ನಡೆಸಿ ಉತ್ತರ ಹೇಳುವುದೇ ಬರುತ್ತಿರಲಿಲ್ಲ. ಇಂಗ್ಲೆಂಡಿನ ಸ್ಯೂ ಸೆಂಟೆನ್ಸ್ ಶಾಲೆಗಳಿಗಾಗಿ ರೂಪಿಸಿದ ಕ್ರಮದಲ್ಲೂ ಮೊದಲ ಹೆಜ್ಜೆ, ಓಡಿಸುವ ಮೊದಲು ಉತ್ತರವನ್ನು ಊಹಿಸುವುದು.

ಪೂರ್ವಪಕ್ಷಗಳು

'ಕಂಪ್ಯೂಟರ್ ಭಾಷೆ ಇಂಗ್ಲಿಷು. ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಹೊರೆ' ಎಂಬುದು ಮೊದಲನೆಯ ಆಕ್ಷೇಪ. ಇದರಲ್ಲಿ ಅರ್ಧ ನಿಜವಿದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ತನಗೆಂದೇ ಕಾಯ್ದಿಟ್ಟ ಇಂಗ್ಲಿಷ್ ಪದಗಳು ಒಟ್ಟು 35. ಮೊದಲ ವರ್ಷಕ್ಕೆ ಇಫ್, ಎಲ್ಸ್, ಫಾರ್, ಇನ್, ವೈಲ್, ಆಂಡ್, ಆರ್, ನಾಟ್ ಸಾಕು. ಎಂಟನೇ ತರಗತಿಗೆ ಬರುವ ಹೊತ್ತಿಗೆ ಇವುಗಳಲ್ಲಿ ಹೆಚ್ಚಿನವು ಮಕ್ಕಳಿಗೆ ಪರಿಚಿತ. ಉಳಿದ ಹೆಸರುಗಳೆಲ್ಲ ನಮ್ಮ ಇಷ್ಟ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಮೊತ್ತ, ಬೆಲೆ, ಫ್ಯಾಟು ಎಂದು ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಓಡುತ್ತಿರುವ ಪ್ರೋಗ್ರಾಮಿಗೆ ಮಗು ೯೦ ಎಂದು ಕನ್ನಡ ಅಂಕಿ ಟೈಪ್ ಮಾಡಿ ಕೊಟ್ಟರೂ ಪೈಥಾನ್ ಅದನ್ನು ತೊಂಬತ್ತೆಂದೇ ಸಂಖ್ಯೆಗೆ ತಿರುಗಿಸಿಕೊಳ್ಳುತ್ತದೆ. ಒಂದು ಎಚ್ಚರ ಬೇಕು: ಅರ್ಧಾಕ್ಷರವನ್ನು ಬಿಡಿಯಾಗಿ ತೋರಿಸಲು ನಾವು ಟೈಪ್ ಮಾಡುವಾಗ ನಡುವೆ ಸೇರುವ, ಕಣ್ಣಿಗೆ ಕಾಣದ ಚಿಹ್ನೆಯನ್ನು ಹೆಸರಿನೊಳಗೆ ಪೈಥಾನ್ ಒಪ್ಪುವುದಿಲ್ಲ. ಅದಿಲ್ಲದ ಹೆಸರುಗಳನ್ನೇ ಆರಿಸಿಕೊಂಡರೆ ಆಯಿತು.

ನಿಜವಾದ ತೊಡಕಿರುವುದು ತಪ್ಪಿನ ಸಂದೇಶಗಳಲ್ಲಿ. ಕೆಂಪಕ್ಷರದ ಇಂಗ್ಲಿಷ್ ಸಾಲು ಕಂಡೊಡನೆ ಮಗು ಕೈ ಹಿಂದಕ್ಕೆಳೆದುಕೊಳ್ಳುತ್ತದೆ. ಆದರೆ ಮೊದಲ ವರ್ಷದಲ್ಲಿ ಎದುರಾಗುವ ಬಗೆಗಳು ಬೆರಳೆಣಿಕೆಯಷ್ಟು: ಸಿಂಟ್ಯಾಕ್ಸ್ ಎರರ್, ನೇಮ್ ಎರರ್, ಇಂಡೆಂಟೇಷನ್ ಎರರ್, ಟೈಪ್ ಎರರ್. 'ಈ ಹೆಸರು ನನಗೆ ಗೊತ್ತಿಲ್ಲ, ಕಾಗುಣಿತ ನೋಡು' ಎಂಬಂತೆ ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಮುಕ್ಕಾಲು ಭಯ ಹೋಗುತ್ತದೆ. ಕನ್ನಡದಲ್ಲಿ ಆಗುತ್ತದೆಯೇ ಎಂದು ಅನುಮಾನಿಸುವವರು ಕೇರಳದ ಕಾಸರಗೋಡಿನ ಕಡೆ ನೋಡಲಿ. ಕೇರಳ 2001ರಲ್ಲಿ 'ಐಟಿ ಅಟ್ ಸ್ಕೂಲ್' ಆರಂಭಿಸಿ, ಮುಂದೆ ಎಸ್ಸೆಸ್ಸೆಲ್ಸಿಗೆ ಐಟಿ ಪರೀಕ್ಷೆಯನ್ನೂ ಸೇರಿಸಿತು. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳು ಪೈಥಾನ್ ಇರುವ ಐಸಿಟಿ ಪಠ್ಯವನ್ನು ಕನ್ನಡದಲ್ಲೇ ಓದುತ್ತಾರೆ. ಕಾಸರಗೋಡಿನ ಮಂಜೇಶ್ವರದಲ್ಲಿ ಆದದ್ದು ಕೊಳಾಲದಲ್ಲಿ ಏಕೆ ಆಗಬಾರದು?

'ಎಲ್ಲರೂ ಸಾಫ್ಟ್‌ವೇರ್ ಎಂಜಿನಿಯರ್ ಆಗುತ್ತಾರೆಯೇ?' ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಈ ಆಕ್ಷೇಪಕ್ಕೆ ಪ್ರೋಗ್ರಾಮಿಂಗ್ ಕಲಿತರೆ ಬುದ್ಧಿ ಎಲ್ಲ ಕಡೆಯೂ ಚುರುಕಾಗುತ್ತದೆ ಎಂದು ಉತ್ತರಿಸುವವರಿದ್ದಾರೆ. ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದವರಲ್ಲೊಬ್ಬರಾದ ಸೇಮರ್ ಪ್ಯಾಪರ್ಟ್ ಅಂಥ ದೊಡ್ಡ ಆಸೆಯನ್ನು ಹೊತ್ತಿದ್ದರು. 1984ರಲ್ಲಿ ರಾಯ್ ಪೀ ಮತ್ತು ಮಿಡಿಯನ್ ಕರ್ಲ್ಯಾಂಡ್ ಪರೀಕ್ಷಿಸಿದಾಗ, ಲೋಗೋ ಕಲಿತ ಮಕ್ಕಳು ಬೇರೆ ಕೆಲಸಗಳ ಯೋಜನೆ ಹಾಕುವುದರಲ್ಲಿ ಇತರರಿಗಿಂತ ಮುಂದಿರಲಿಲ್ಲ.

ನನ್ನ ಕಾರಣ ಬೇರೆ, ಹೆಚ್ಚು ಹತ್ತಿರದ್ದು. 2002ರ ಹೊತ್ತಿಗೆ 'ಭೂಮಿ' ಯೋಜನೆಯಿಂದ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು. ಇಂದು ಪಡಿತರ, ಪಿಂಚಣಿ, ಬೆಳೆ ಪರಿಹಾರ ಎಲ್ಲವೂ ಪ್ರೋಗ್ರಾಮಿನ ಬಾಗಿಲು ದಾಟಿಯೇ ರೈತನ ಮನೆಗೆ ಬರಬೇಕು. ಪಹಣಿಯಲ್ಲಿ ರಂಗಪ್ಪ, ಆಧಾರ್‌ನಲ್ಲಿ ರಂಗಪ್ಪ ಎಸ್ ಎಂದಿದ್ದರೆ ಊರಿಗೆಲ್ಲ ಅವನು ಒಬ್ಬನೇ. ಅಕ್ಷರಕ್ಕೆ ಅಕ್ಷರ ಹೋಲಿಸುವ ಪ್ರೋಗ್ರಾಮಿಗೆ ಇಬ್ಬರು. ಕೌಂಟರಿನಲ್ಲಿ 'ಕಂಪ್ಯೂಟರ್ ತಗೊಳ್ತಾ ಇಲ್ಲ' ಎಂಬ ಮಾತು ಬಂದಾಗ ಅಪ್ಪ ವಿಧಿಯೆಂದು ತಲೆತಗ್ಗಿಸಿ ಬರುತ್ತಾನೆ. ಎರಡು ಹೆಸರುಗಳನ್ನು ಹೋಲಿಸುವ ಸಾಲನ್ನು ಸ್ವತಃ ಬರೆದು, ಒಂದು ಖಾಲಿ ಜಾಗ ಹೆಚ್ಚಿದ್ದರೂ ಉತ್ತರ 'ಅಲ್ಲ' ಎಂದು ಬರುವುದನ್ನು ಕಂಡ ಮಗಳು ಅದನ್ನು ವಿಧಿಯೆನ್ನುವುದಿಲ್ಲ. ಯಾರೋ ಬರೆದ ನಿಯಮವಿದು, ತಿದ್ದಲು ಬರುತ್ತದೆ, ಎಲ್ಲಿ ಅರ್ಜಿ ಕೊಡಬೇಕು ಎಂದು ಕೇಳುತ್ತಾಳೆ. ಈ ತಿಳಿವಳಿಕೆ ಬೆಂಗಳೂರಿನ ಮಕ್ಕಳಿಗಿಂತ ನಮ್ಮ ಹಳ್ಳಿಯ ಮಕ್ಕಳಿಗೇ ಹೆಚ್ಚು ಬೇಕು.

'ಕರೆಂಟಿಲ್ಲ, ಕಂಪ್ಯೂಟರ್ ಕೆಟ್ಟಿವೆ.' ಮೇಲೆ ಹೇಳಿದ ಡೈರಿ ಪಾಠಕ್ಕೆ ಸೀಮೆಸುಣ್ಣ ಸಾಕು. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು 1990ರ ದಶಕದಿಂದ ಕಂಪ್ಯೂಟರಿಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಚಟುವಟಿಕೆಗಳನ್ನು ಕಟ್ಟಿದ್ದಾರೆ. ಅಂಗಳದಲ್ಲಿ ಗೆರೆ ಎಳೆದು ಮಕ್ಕಳೇ ಅಂಕಿಗಳಾಗಿ ನಡೆದು ಏರಿಕೆ ಕ್ರಮದಲ್ಲಿ ನಿಲ್ಲುವ ಆಟ ಅವುಗಳಲ್ಲೊಂದು. ಆದರೆ ಕಾಗದವೇ ಸಾಕೆಂದು ಇಲಾಖೆ ಕೈತೊಳೆದುಕೊಳ್ಳಕೂಡದು. ತಾನು ಬರೆದದ್ದನ್ನು ಯಂತ್ರ ದಾಕ್ಷಿಣ್ಯವಿಲ್ಲದೆ ನಡೆಸುವುದನ್ನು ಮಗು ಕಾಣಲೇಬೇಕು. ಪಾವಗಡದ ತಿರುಮಣಿಯಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇರುವ ಶೈಕ್ಷಣಿಕ ಜಿಲ್ಲೆಯಿದು. ಇಲ್ಲಿಯ ಶಾಲೆ ವಿದ್ಯುತ್ತಿಗಾಗಿ ಪಾಠ ನಿಲ್ಲಿಸುವುದು ಒಪ್ಪುವ ಮಾತಲ್ಲ.

'ಈಗ ಎಐ ತಾನೇ ಪ್ರೋಗ್ರಾಂ ಬರೆಯುತ್ತದೆ.' ಹಾಗಾದರೆ ಬರೆದದ್ದು ಸರಿಯೇ ಎಂದು ನೋಡುವವರು ಬೇಕು. ಓದಿಸುವುದು ಮೊದಲು ಎಂಬ ಕ್ರಮಕ್ಕೆ ಈ ಆಕ್ಷೇಪ ಬಲವನ್ನೇ ಕೊಡುತ್ತದೆ.

'ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಇದಕ್ಕೆ ಪುರುಸೊತ್ತೆಲ್ಲಿ, ಕಲಿಸುವವರು ಯಾರು?' ಎಲ್ಲದರಲ್ಲಿ ಭಾರವಾದ ಆಕ್ಷೇಪ ಇದೇ. ಹತ್ತನೇ ತರಗತಿಯನ್ನು ಮುಟ್ಟಬೇಡಿ. ಎಂಟರಲ್ಲಿ ವಾರಕ್ಕೊಂದು ಪೀರಿಯಡ್, ಒಂಬತ್ತರಲ್ಲಿ ಒಂದು. ಕಲಿಸಬೇಕಾದವರು ಗಣಿತದ ಮೇಷ್ಟ್ರೇ. ಸಮಚಿಹ್ನೆಯ ಗೊಂದಲವನ್ನು ಬಿಡಿಸಬಲ್ಲವರು ಅವರು. ಗುತ್ತಿಗೆಯ ಬೋಧಕ ಅವಧಿ ಮುಗಿದಾಗ ಹೋಗುತ್ತಾನೆ, ಲ್ಯಾಬಿಗೆ ಬೀಗ ಬೀಳುತ್ತದೆ. ಗಣಿತದ ಮೇಷ್ಟ್ರಿಗೆ ಇರುವ ಕೆಲಸದ ಮೇಲೆ ಇದೊಂದು ಹೊರೆ ಎಂಬುದು ನಿಜ; ಅದಕ್ಕೆ ಬದಲಾಗಿ ಅವರ ತಲೆಯ ಮೇಲಿನ ಗಣತಿ, ಆನ್‌ಲೈನ್ ಮಾಹಿತಿ ತುಂಬುವ ಕೆಲಸಗಳಲ್ಲಿ ಒಂದನ್ನಾದರೂ ಇಲಾಖೆ ಇಳಿಸಬೇಕು.

ಶಿಕ್ಷಕರಿಗೆ ತರಬೇತಿ ಕೊಡುವ ಮಧುಗಿರಿ ಡಯಟ್‌ನವರಲ್ಲಿ ನನ್ನ ವಿನಂತಿ ಇಷ್ಟು: ಬರುವ ಬೇಸಿಗೆಯಲ್ಲಿ ನಾಲ್ಕು ತಾಲ್ಲೂಕುಗಳ ಗಣಿತ ಶಿಕ್ಷಕರನ್ನು ಒಂದು ವಾರ ಕೂಡಿಸಿ ತರಬೇತಿ ಕೊಡಿ, ಕೈಗೆ ಕನ್ನಡದ ಒಂದು ತೆಳುವಾದ ಕೈಪಿಡಿ ಕೊಡಿ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಎಂಟನೇ ತರಗತಿಯ ವೇಳಾಪಟ್ಟಿಯಲ್ಲಿ ಆ ಒಂದು ಪೀರಿಯಡ್ ಇರಲಿ.